ಕೊರೆಯುವ ನದಿದಡದಲ್ಲಿ ನೀರುಂಡ ಮರವನ್ನು ಅಗೆದು ತೆಗೆಯುವ ಬಗೆ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಹಂಬರ್ ಅಳಿವೆಯ ದಡದಲ್ಲಿ ನಾರ್ತ್ ಫೆರಿಬಿ ಎಂಬ ಊರಿದೆ. 1937ರಲ್ಲಿ ಟೆಡ್ ರೈಟ್ ಮತ್ತು ಅವರ ಸೋದರ ನೀರು ಇಳಿದ ಹೊತ್ತಿನಲ್ಲಿ ಅಲ್ಲಿ ಓಡಾಡುತ್ತಿದ್ದಾಗ, ಜೇಡಿಮಣ್ಣಿನಿಂದ ಹೊರಚಾಚಿದ ದಪ್ಪ ಓಕ್ ಹಲಗೆಗಳ ತುದಿಗಳು ಕಂಡವು. ಅದು ದೋಣಿಯೊಂದರ ತಳವಾಗಿತ್ತು. ಅದೇ ದಡದಲ್ಲಿ 1940ರಲ್ಲಿ ಎರಡನೆಯ ದೋಣಿಯೂ 1963ರಲ್ಲಿ ಮೂರನೆಯದರ ತುಣುಕೂ ಸಿಕ್ಕವು. ಮೂರೂ ಕಂಚಿನ ಯುಗದವು. ಮರದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆಯುವ ರೇಡಿಯೋಕಾರ್ಬನ್ ಲೆಕ್ಕದಲ್ಲಿ ಅವುಗಳ ಕಾಲ ಕ್ರಿ.ಪೂ. 2030ರಿಂದ 1680ರ ನಡುವೆ ಬರುತ್ತದೆ. ಅವುಗಳಲ್ಲಿ ಕಬ್ಬಿಣದ ಮೊಳೆಗಳಿಲ್ಲ. ಯೂ ಮರದ ಎಳೆಕೊಂಬೆಗಳನ್ನು ತಿರುಚಿ, ಅವುಗಳಿಂದಲೇ ಹಲಗೆಗೆ ಹಲಗೆಯನ್ನು ಹೊಲಿದು, ಸಂದುಗಳಿಗೆ ಪಾಚಿ ತುರುಕಲಾಗಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದ ಕಸುಬನ್ನು ಬಲ್ಲವರಿಗೆ ಈ ಹೊಲಿಗೆಯ ಹಿಂದಿನ ಆಲೋಚನೆ ಕೂಡಲೇ ಹೊಳೆಯುತ್ತದೆ.

ಮೊದಲ ಎರಡು ದೋಣಿಗಳನ್ನು 1946ರಲ್ಲಿ ಮೇಲೆತ್ತಿ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಆದರೆ ಮೊದಲನೆಯದು ಇಡಿಯಾಗಿ ಬರಲಿಲ್ಲ, ತುಂಡುಗಳಾಗಿ ಬಂತು. ದಿನಕ್ಕೆರಡು ಬಾರಿ ನೀರು ಮುಳುಗಿಸುವ ಕೆಸರಿನಲ್ಲಿ, ಆ ಕಾಲದ ಸಲಕರಣೆಗಳೊಂದಿಗೆ, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇಂದು ಅಂಥ ಮರ ನಿಮ್ಮ ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಉಳಿದೆಲ್ಲ ಸೂಚನೆಗಳಿಗೂ ಬೇರಿನಂತಿರುವ ನಿಯಮ ಒಂದೇ: ನೀರು ಮರಳಿ ಬರುವುದರೊಳಗೆ ಎಷ್ಟು ಮರವನ್ನು ದಾಖಲಿಸಿ ಮುಚ್ಚಲು ಸಾಧ್ಯವೋ ಅಷ್ಟನ್ನು ಮಾತ್ರ ಬಯಲು ಮಾಡಬೇಕು.

ಮರ ಉಳಿದದ್ದು ಹೇಗೆ, ಕೆಡುವುದು ಹೇಗೆ

ಮರವನ್ನು ತಿನ್ನುವ ಶಿಲೀಂಧ್ರಗಳಿಗೂ ಹುಳುಗಳಿಗೂ ಆಮ್ಲಜನಕ ಬೇಕು. ನೀರಿನಿಂದ ತೊಯ್ದು ಬಿಗಿಯಾಗಿ ಕುಳಿತ ಜೇಡಿಯಲ್ಲಿ ಅದು ಇಲ್ಲವಾದ್ದರಿಂದ, ಆಮ್ಲಜನಕವಿಲ್ಲದೆಯೂ ಬದುಕಬಲ್ಲ ಬ್ಯಾಕ್ಟೀರಿಯಾಗಳು ಮಾತ್ರ ಅತಿ ನಿಧಾನವಾಗಿ ಜೀವಕೋಶಗಳ ಗೋಡೆಯ ಸೆಲ್ಯುಲೋಸನ್ನು ತಿನ್ನುತ್ತ ಹೋಗುತ್ತವೆ. ಕೊನೆಗೆ ಉಳಿಯುವುದು ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ನಿನ ತೆಳು ಹಂದರ. ಅದರ ಆಕಾರವನ್ನು ಹಿಡಿದಿಟ್ಟಿರುವುದು ಒಳಗೆ ತುಂಬಿದ ನೀರು. ಹಾಗಾಗಿ ಹೊರನೋಟಕ್ಕೆ ನಿನ್ನೆ ಕಡಿದಂತೆ ಕಾಣುವ ಹಲಗೆ ಒಳಗೆ ನೆನೆದ ಬ್ರೆಡ್ಡಿನಷ್ಟು ಮೆತ್ತಗಿರಬಹುದು. ನೀರು ಆರಿದಾಗ ಅದರ ಮೇಲ್ಮೈ ಎಳೆತವೇ ಕೋಶಗಳನ್ನು ಒಳಕ್ಕೆ ಎಳೆದು ಕುಸಿಯುವಂತೆ ಮಾಡುತ್ತದೆ. ಮರ ಕುಗ್ಗಿ, ತಿರುಚಿ, ಬಿರುಕು ಬಿಡುತ್ತದೆ. ಮತ್ತೆ ನೀರಿನಲ್ಲಿ ಮುಳುಗಿಸಿದರೂ ಹಿಂದಿನ ರೂಪ ಬರುವುದಿಲ್ಲ.

ಕೆಟ್ಟಿರುವ ಮಟ್ಟವನ್ನು ಅಳೆಯಲು ಸರಳವಾದ ಲೆಕ್ಕವೊಂದಿದೆ. ಚಿಕ್ಕ ತುಣುಕೊಂದನ್ನು ಒದ್ದೆಯಾಗಿರುವಾಗ ತೂಗಿ, ಒಲೆಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ, ಕಳೆದುಹೋದ ನೀರಿನ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 50 ಗ್ರಾಂ ಇದ್ದ ತುಣುಕು ಒಣಗಿ 10 ಗ್ರಾಂಗೆ ಇಳಿದರೆ ನೀರಿನ ಪ್ರಮಾಣ ಶೇ. 400. ಇದಕ್ಕಿಂತ ಹೆಚ್ಚಿದ್ದರೆ ಮರ ತೀರಾ ಶಿಥಿಲವಾಗಿದೆ ಎಂದೂ, 185ರಿಂದ 400ರ ನಡುವೆ ಇದ್ದರೆ ಮಧ್ಯಮ ಸ್ಥಿತಿಯಲ್ಲಿದೆ ಎಂದೂ, 185ಕ್ಕಿಂತ ಕಡಿಮೆಯಿದ್ದರೆ ಒಳತಿರುಳು ಇನ್ನೂ ಗಟ್ಟಿಯಿದೆ ಎಂದೂ ಸಂರಕ್ಷಕರು ಎಣಿಸುತ್ತಾರೆ. ದಡದ ಮೇಲೆ ಇಷ್ಟೆಲ್ಲ ಮಾಡಲು ಸಮಯವಿಲ್ಲದಾಗ, ಮುಖ್ಯವಲ್ಲದ ಮೂಲೆಯೊಂದರಲ್ಲಿ ತೆಳುವಾದ ಸೂಜಿಯನ್ನು ಮೆಲ್ಲಗೆ ಒತ್ತಿ, ಅದು ಎಷ್ಟು ಆಳಕ್ಕೆ ತಡೆಯಿಲ್ಲದೆ ಇಳಿಯುತ್ತದೆ ಎಂದು ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಅಗೆಯುವ ಮೊದಲು

ದಡ ಕೊರೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಗುದ್ದಲಿ ಹಿಡಿಯಬೇಕಿಲ್ಲ. ಲಂಡನ್ನಿನ ವಾಕ್ಸ್‌ಹಾಲ್ ಬಳಿ ಥೇಮ್ಸ್ ದಡದಲ್ಲಿ 1993ರಲ್ಲಿ ಗುರುತಿಸಲಾದ, ಕ್ರಿ.ಪೂ. 1500ರ ಸುಮಾರಿನ ಸೇತುವೆಯದೋ ಕಟ್ಟೆಯದೋ ಆಗಿರುವ ದಪ್ಪ ಗೂಟಗಳನ್ನು ಕೀಳದೆ, ಇದ್ದಲ್ಲಿಯೇ ಅಳೆದು ದಾಖಲಿಸಿ ಬಿಡಲಾಗಿದೆ. ನೀರು ಬಹಳ ಕೆಳಗಿಳಿದ ದಿನಗಳಲ್ಲಿ ಅವು ಇಂದಿಗೂ ಕಾಣುತ್ತವೆ. ಮೇಲೆತ್ತಿದ ಪ್ರತಿಯೊಂದು ಮರಕ್ಕೂ ತೊಟ್ಟಿ, ರಾಸಾಯನಿಕ, ಹಣ ಮತ್ತು ಹಲವು ವರ್ಷಗಳ ಆರೈಕೆ ಬೇಕಾಗುತ್ತದೆ. ಸಮುದ್ರದ ತಳದಿಂದ ಮೇಲೆತ್ತಿದ ಸ್ವೀಡನ್ನಿನ ವಾಸಾ ಹಡಗಿನ ಮೇಲೆ, ಮರದೊಳಗಿನ ನೀರಿನ ಜಾಗ ಹಿಡಿದು ಅದು ಕುಸಿಯದಂತೆ ತಡೆಯುವ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ಸಿಂಪಡಿಸುವ ಕೆಲಸವೊಂದೇ 1962ರಿಂದ 1979ರವರೆಗೆ, ಅಂದರೆ ಹದಿನೇಳು ವರ್ಷ ನಡೆಯಿತು. ಆದ್ದರಿಂದ ಸಂರಕ್ಷಕರೊಂದಿಗಿನ ಮಾತುಕತೆ ಅಗೆತದ ಕೊನೆಯಲ್ಲಿ ಆಗುವುದಲ್ಲ, ಮೊದಲ ದಿನಕ್ಕೂ ಮುಂಚೆ ಆಗಬೇಕು; ಮರ ಹೋಗಿ ಸೇರುವ ತೊಟ್ಟಿ ಎಲ್ಲಿದೆ, ಅದರ ಉದ್ದ ಎಷ್ಟು ಎಂದು ಹೇಳಲಾಗದಿದ್ದರೆ ಆ ಮರವನ್ನು ಎತ್ತುವ ಅಧಿಕಾರ ನಿಮಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಅನುಮತಿ ಬೇರೆಯೇ ಮಾತು. ಬ್ರಿಟನ್ನಿನಲ್ಲಿ ಉಬ್ಬರ ಮತ್ತು ಇಳಿತಗಳ ನಡುವಿನ ನೆಲಕ್ಕೆ ಒಡೆಯರಿರುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಅಗೆಯುವಂತಿಲ್ಲ. ಭಾರತದಲ್ಲಿ ಪುರಾತತ್ವದ ಅಗೆತಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಚೌಕಟ್ಟಿನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಹೊಳೆಯಂಚಿನಲ್ಲಿ ಹಳೆಯ ಮರ ಕಂಡ ಸಾಮಾನ್ಯ ನಾಗರಿಕರು ಫೋಟೋ ತೆಗೆದು, ಪಕ್ಕದಲ್ಲಿ ಅಳತೆಗೊಂದು ವಸ್ತುವಿಟ್ಟು, ಫೋನಿನ ನಕ್ಷೆಯಲ್ಲಿ ಜಾಗವನ್ನು ಗುರುತು ಮಾಡಿಕೊಂಡು, ಅದೇ ಕೆಸರನ್ನು ಮೇಲೆ ಮೆತ್ತಿ ಇಲಾಖೆಗೆ ತಿಳಿಸಿದರೆ ಅವರ ಪಾಲಿನ ಕೆಲಸ ಪೂರ್ತಿಯಾದಂತೆ.

ಇನ್ನು ನೀರಿನ ಲೆಕ್ಕ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತು. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಹೊತ್ತಿಗೆ ಅದು ಇನ್ನೂ ಹೆಚ್ಚುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಕೆಲಸದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಜರುಗುತ್ತದೆ. ನಿಮ್ಮ ಮರವಿರುವ ಮಟ್ಟದಲ್ಲಿ ಮೂರು ಗಂಟೆ ನೆಲ ಬಯಲಾಗಿರುತ್ತದೆ ಎಂದುಕೊಳ್ಳಿ. ಮರಳುಚೀಲಗಳನ್ನು ಸರಿಸಿ, ಗುಂಡಿಯ ನೀರನ್ನು ಮೊಗೆದು ಹಾಕಿ, ಹಿಂದಿನ ಉಬ್ಬರ ತಂದ ಹೂಳನ್ನು ತೊಳೆಯುವುದಕ್ಕೆ ಮುಕ್ಕಾಲು ಗಂಟೆ, ಕೊನೆಯಲ್ಲಿ ಎಲ್ಲವನ್ನೂ ಮುಚ್ಚಿ ಸಾಮಾನು ಹೊತ್ತು ದಡ ಹತ್ತುವುದಕ್ಕೆ ಮತ್ತೆ ಮುಕ್ಕಾಲು ಗಂಟೆ; ಕೈಗೆ ಉಳಿಯುವುದು ಒಂದೂವರೆ ಗಂಟೆ ಮಾತ್ರ. ಅಗೆತದ ಯೋಜನೆಯನ್ನು ಈ ಒಂದೂವರೆ ಗಂಟೆಯ ಮೇಲೆ ಕಟ್ಟಬೇಕೇ ಹೊರತು ಮೂರು ಗಂಟೆಯ ಮೇಲಲ್ಲ. ನೀರು ತಿರುಗಿತು ಎಂದು ಕೂಗಿ ಹೇಳುವುದಕ್ಕೆಂದೇ ಒಬ್ಬರನ್ನು ನೇಮಿಸಬೇಕು, ಅವರ ಮಾತಿಗೆ ಎದುರಾಡಬಾರದು. ಒಂಟಿಯಾಗಿ ಕೆಸರಿಗೆ ಇಳಿಯಬಾರದು. ಕಾಲು ಹೂತುಹೋದರೆ ಮಲಗಿ ಭಾರ ಹಂಚಲು ಹಲಗೆಯಿರಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಇಲಿಜ್ವರ ನೀರಿನಿಂದಲೂ ಬರುವುದರಿಂದ ಗಾಯಗಳನ್ನು ಮುಚ್ಚಿಕೊಂಡು ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು.

ಬಯಲು ಮಾಡುವುದು

ಮೇಲಿನ ಹೂಳನ್ನು ಸಲಿಕೆಯಿಂದ ತೆಗೆಯಬಹುದು. ಆದರೆ ಮರ ಇನ್ನೂ ಒಂದು ಗೇಣು ಕೆಳಗಿದೆ ಅನ್ನಿಸಿದಾಗಲೇ ಲೋಹದ ಸಲಕರಣೆಗಳನ್ನೆಲ್ಲ ಬದಿಗಿಡಬೇಕು. ಕರಣೆಯ ಅಂಚು ತಾಗಿದರೆ ಮೆತ್ತನೆಯ ಮರದ ಮೇಲೆ ಬೀಳುವ ಗೀರು ನಾಲ್ಕು ಸಾವಿರ ವರ್ಷ ಹಿಂದಿನ ಬಾಚಿಯ ಗುರುತಿನಂತೆಯೇ ಕಾಣುತ್ತದೆ, ಮುಂದೆ ಅಧ್ಯಯನ ಮಾಡುವವರನ್ನು ಅದು ದಾರಿ ತಪ್ಪಿಸುತ್ತದೆ. ಅಲ್ಲಿಂದ ಮುಂದೆ ಬಿದಿರಿನ ಚಕ್ಕೆ, ಪ್ಲಾಸ್ಟಿಕ್ ಚಮಚ, ಮೆದು ಸ್ಪಂಜು, ಸಣ್ಣ ಧಾರೆಯಲ್ಲಿ ನೀರು ಚಿಮ್ಮುವ ಪಂಪು ಮತ್ತು ಬೆರಳುಗಳೇ ಸಾಕು. ಉಗುರು ಕತ್ತರಿಸಿಕೊಂಡಿರಬೇಕು; ಉಂಗುರ, ಬಳೆ, ಗಡಿಯಾರ ಇರಬಾರದು. ಮರದ ಮೇಲೆ ಮೊಣಕಾಲೂರುವುದಂತೂ ಸಲ್ಲದು. ಗುಂಡಿಯ ಎರಡೂ ಅಂಚಿಗೆ ದಿಮ್ಮಿಯಿಟ್ಟು, ಅಡ್ಡಲಾಗಿ ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ ಕೈ ಇಳಿಬಿಟ್ಟು ಕೆಲಸ ಮಾಡುವುದು ರೂಢಿ. ಬೆನ್ನು ನೋಯುತ್ತದೆ, ಅದಕ್ಕೆ ಬೇರೆ ಪರಿಹಾರವಿಲ್ಲ.

ಜೇಡಿಯನ್ನು ಮರದ ಎಳೆಯ ದಿಕ್ಕಿನಲ್ಲಿಯೇ ಬಿಡಿಸಬೇಕು, ಅಡ್ಡಲಾಗಿ ಎಳೆಯಬಾರದು. ಕೆಸರಿನ ಪದರ ಮೇಲ್ಮೈಯಿಂದ ಕಳಚಿದ ಕ್ಷಣದಲ್ಲಿ ಓಕ್ ಮರ ಬಹಳ ಸಲ ಹಸಿ ಮರದಂತೆ ತಿಳಿಹಳದಿಯಾಗಿ ಹೊಳೆಯುತ್ತದೆ. ನೋಡನೋಡುತ್ತಿದ್ದಂತೆ, ಕೆಲವೇ ನಿಮಿಷಗಳಲ್ಲಿ, ಗಾಳಿ ಸೋಕಿ ಕಂದಾಗಿ, ಕಪ್ಪಾಗಿ ತಿರುಗುತ್ತದೆ. ಆ ಬಣ್ಣ ಹೋಗುವ ಮೊದಲೇ ಒಂದು ಫೋಟೋ ತೆಗೆಯಿರಿ, ಏಕೆಂದರೆ ಉಳಿಯ ಅಂಚು, ಸುಟ್ಟ ಗುರುತು, ಹೊರಮರ ಮತ್ತು ಚೇಗಿನ ನಡುವಿನ ಗೆರೆ ಇವೆಲ್ಲ ಆಗಲೇ ಚೆನ್ನಾಗಿ ಕಾಣುತ್ತವೆ. ಫೆರಿಬಿಯಂಥ ದೋಣಿಯಲ್ಲಿ ಹೊಲಿಗೆಯ ಕೊಂಬೆಗಳು ಬೆರಳಿನಷ್ಟೂ ಗಟ್ಟಿಯಿರುವುದಿಲ್ಲ. ಹಲಗೆಯನ್ನಷ್ಟೇ ನೋಡುತ್ತ ಅವಸರಪಟ್ಟವರು ಸಂದಿಯಲ್ಲಿರುವ ಪಾಚಿಯನ್ನು ಕೆಸರೆಂದು ತೊಳೆದುಬಿಡುತ್ತಾರೆ. ಆದ್ದರಿಂದ ಎರಡು ಹಲಗೆ ಕೂಡುವ ಜಾಗಕ್ಕೆ ನೀರಿನ ಧಾರೆ ಬಿಡದೆ ಅಲ್ಲಿಯ ಮಣ್ಣನ್ನು ಕೊನೆಗೆ, ಬೆರಳ ತುದಿಯಿಂದ ಬಿಡಿಸಬೇಕು. ಹೆಣೆದ ತಡಿಕೆ ಸಿಕ್ಕರೆ ಕಷ್ಟ ಇನ್ನೂ ಹೆಚ್ಚು: ಮೇಲಿನ ಕಡ್ಡಿಯನ್ನು ಬಿಡಿಸುವ ಆಸೆಗೆ ಕೆಳಗಿನದು ಜರುಗುತ್ತದೆ, ಹೆಣಿಗೆಯ ಕ್ರಮವೇ ಕಳೆದುಹೋಗುತ್ತದೆ.

ಬಯಲಾದ ಮರ ಒಂದು ಗಳಿಗೆಯೂ ಒಣಗಬಾರದು. ಕೆಲಸ ನಡೆಯುತ್ತಿರುವ ಎರಡು ಅಡಿಯನ್ನು ಬಿಟ್ಟು ಉಳಿದುದನ್ನು ಒದ್ದೆ ಸ್ಪಂಜಿನ ಹಾಳೆ ಹಾಸಿ, ಮೇಲೆ ಪಾಲಿಥೀನ್ ಹೊದಿಸಿ ಇಡಬೇಕು. ತೆರೆದ ಭಾಗಕ್ಕೆ ಕೆಲವು ನಿಮಿಷಕ್ಕೊಮ್ಮೆ ನೀರು ಸಿಂಪಡಿಸಬೇಕು. ಒದ್ದೆ ಗೋಣಿತಾಟು ಒಂದೆರಡು ದಿನಕ್ಕೆ ಸರಿ, ಆಮೇಲೆ ಅದೇ ಕೊಳೆತು ಮರಕ್ಕೆ ಬೂಷ್ಟು ಹತ್ತಿಸುತ್ತದೆ. ಇಂಗ್ಲೆಂಡಿನ ಮೋಡದ ಕೆಳಗೆ ಬರೆದ ಕೈಪಿಡಿಗಳನ್ನು ನಮ್ಮ ಬಿಸಿಲಿಗೆ ಹಾಗೆಯೇ ಒಗ್ಗಿಸಲಾಗದು. ಕೇರಳದ ಪಟ್ಟಣಂನಲ್ಲಿ 2007ರಲ್ಲಿ, ಸುಮಾರು ಎರಡು ಸಾವಿರ ವರ್ಷ ಹಳೆಯ ಆರು ಮೀಟರ್ ಉದ್ದದ ದೋಣಿಯೂ ತೇಗದ ಗೂಟಗಳೂ ನೀರುಂಡ ಕೆಸರಿನಲ್ಲಿ ಸಿಕ್ಕವು. ಆ ದೋಣಿ ನಮ್ಮ ಕರಾವಳಿಯಲ್ಲಿ ಹೆಬ್ಬಲಸು ಎನ್ನುವ, ಇಂದಿಗೂ ದೋಣಿಗೆ ಬಳಸುವ ಮರದ್ದು. ಅಂಥ ಹವೆಯಲ್ಲಿ ಮೇಲೊಂದು ಚಪ್ಪರ ಹಾಕದೆ, ಸಾಧ್ಯವಾದರೆ ನಸುಕಿನ ಇಳಿತವನ್ನೇ ಆರಿಸಿಕೊಳ್ಳದೆ ಕೆಲಸ ಶುರು ಮಾಡುವುದು ಮರವನ್ನು ಕೈಯಾರೆ ಕೆಡಿಸಿದಂತೆ.

ದಾಖಲಿಸುವುದು

ಪ್ರತಿಯೊಂದು ಮರಕ್ಕೂ ಅದು ಬಯಲಾದ ಕೂಡಲೇ ಒಂದು ಸಂಖ್ಯೆ ಕೊಡಬೇಕು. ಚೀಟಿ ನೀರಿಗೆ ಕರಗದ ಪ್ಲಾಸ್ಟಿಕ್ಕಿನದಾಗಿರಬೇಕು, ಅಳಿಸದ ಶಾಯಿಯಲ್ಲಿ ಬರೆದು ನೈಲಾನ್ ದಾರದಿಂದ ಸಡಿಲವಾಗಿ ಕಟ್ಟಬೇಕು. ಕಬ್ಬಿಣದ ಮೊಳೆ ಹೊಡೆದರೆ ತುಕ್ಕಿನ ಕಲೆ ಶಾಶ್ವತವಾಗಿ ಉಳಿಯುತ್ತದೆ. ಉಬ್ಬರ ಒಂದು ಚೀಟಿಯನ್ನು ಹೊತ್ತೊಯ್ದರೂ ಗುರುತು ಸಿಗುವಂತೆ, ಅದೇ ಸಂಖ್ಯೆಯನ್ನು ಆ ದಿನದ ನಕ್ಷೆಯಲ್ಲಿಯೂ ಫೋಟೋದಲ್ಲಿಯೂ ಬರೆದಿರಬೇಕು. ಅಳತೆಯ ಸ್ಥಿರಬಿಂದುಗಳನ್ನು ಕೊರೆಯುವ ದಡದ ಮೇಲೆ ನೆಡಬೇಡಿ, ಬಿಂದುವೇ ಮುಂದಿನ ವಾರ ನದಿಗೆ ಬಿದ್ದಿರುತ್ತದೆ. ಅವು ಹಿಂದೆ, ಗಟ್ಟಿ ನೆಲದಲ್ಲಿರಲಿ.

ಈಗ ಎಲ್ಲರೂ ಫೋಟೋಗ್ರಾಮೆಟ್ರಿಯಿಂದ, ಅಂದರೆ ಹಲವು ಫೋಟೋಗಳನ್ನು ಕೂಡಿಸಿ ಅಳೆದು, ಮೂರು ಆಯಾಮದ ಮಾದರಿ ಮಾಡುತ್ತಾರೆ, ಮಾಡಲೇಬೇಕು. ಒಂದು ಫೋಟೋದ ಮೂರರಲ್ಲಿ ಎರಡು ಪಾಲಾದರೂ ಮುಂದಿನದರಲ್ಲಿ ಬರುವಂತೆ, ಸುತ್ತಲಿಂದಲೂ ತೆಗೆಯಬೇಕು. ನಿಂತ ನೀರು ಬೆಳಕನ್ನು ಹೊಳೆಯಿಸಿ ಮಾದರಿಯನ್ನು ಕೆಡಿಸುವುದರಿಂದ ಮರ ಒದ್ದೆಯಾಗಿರಬೇಕು, ಆದರೆ ಮೇಲೆ ನೀರಿನ ಮಡು ಇರಬಾರದು. ಆದರೂ ಪಾರದರ್ಶಕ ಹಾಳೆಯೊಂದನ್ನು ಮರದ ಮೇಲೆ ಹಾಸಿ, ನಿಜ ಅಳತೆಯಲ್ಲಿ ಕೈಯಿಂದ ಗೆರೆ ಎಳೆಯುವ ಹಳೆಯ ಪದ್ಧತಿಯನ್ನು ನಾನು ಬಿಡಲಾರೆ. ಗೆರೆ ಎಳೆಯುವ ಕೈ ಕಣ್ಣನ್ನು ನಿಧಾನಗೊಳಿಸುತ್ತದೆ. ಕ್ಯಾಮೆರಾ ಎಲ್ಲವನ್ನೂ ಹಿಡಿಯುತ್ತದೆ, ಆದರೆ ಹಿಡಿದದ್ದರಲ್ಲಿ ಯಾವುದು ಗಂಟು, ಯಾವುದು ಕೊಡಲಿಯ ಕಚ್ಚು ಎಂದು ಹೇಳುವುದಿಲ್ಲ.

ಆ ಕಚ್ಚುಗಳೇ ಇಲ್ಲಿನ ದೊಡ್ಡ ನಿಧಿ. ಕೊಡಲಿಯ ಬಾಯಿ ಒಂದು ಕಡೆ ಮುಕ್ಕಾಗಿದ್ದರೆ ಪ್ರತಿ ಏಟಿನಲ್ಲಿಯೂ ಅದೇ ಜಾಗದಲ್ಲಿ ಸಣ್ಣ ಏಣು ಮೂಡುತ್ತದೆ. ಎರಡು ಮರಗಳಲ್ಲಿ ಒಂದೇ ಏಣು ಕಂಡರೆ ಎರಡನ್ನೂ ಕಡಿದದ್ದು ಒಂದೇ ಕೊಡಲಿ. ಇಂಗ್ಲೆಂಡಿನ ನಾರ್ಫಕ್ ತೀರದಲ್ಲಿ ಸಮುದ್ರ ಕೊರೆದು ಬಯಲು ಮಾಡಿದ್ದ ಸೀಹೆಂಜ್ ಎಂಬ ಮರದ ವೃತ್ತವನ್ನು 1999ರಲ್ಲಿ ಅಗೆದು ತೆಗೆದಾಗ, ಇಂಥ ಗುರುತುಗಳಿಂದಲೇ ಐವತ್ತರಷ್ಟು ಬೇರೆ ಬೇರೆ ಕಂಚಿನ ಕೊಡಲಿಗಳು ಅಲ್ಲಿ ದುಡಿದಿದ್ದವೆಂದು ತಿಳಿಯಿತು. ನೆಲಕ್ಕೆ ನೆಟ್ಟ ಗೂಟದಲ್ಲಿ ಕಚ್ಚುಗಳು ಅಚ್ಚಳಿಯದೆ ಉಳಿಯುವುದು ಚೂಪು ಮಾಡಿದ ಕೆಳತುದಿಯಲ್ಲಿ. ಮೇಲ್ಭಾಗ ಸವೆದುಹೋಗಿದೆ ಎಂದು ಗೂಟವನ್ನು ಕಡೆಗಣಿಸದೆ, ಒಂದು ಬದಿಯ ಮಣ್ಣನ್ನಷ್ಟೇ ತುದಿಯವರೆಗೆ ತೆಗೆದು, ಗೂಟ ಹೊಡೆದಾಗ ಸುತ್ತಲಿನ ಪದರಗಳು ಕೆಳಕ್ಕೆ ಬಾಗಿವೆಯೇ, ಇಲ್ಲವೇ ಗುಣಿ ತೋಡಿ ನೆಟ್ಟಿದ್ದರೇ ಎಂಬುದನ್ನು ನೋಡಬೇಕು. ದಿಮ್ಮಿಯನ್ನು ಇಡಿಯಾಗಿ ಬಳಸಿದ್ದಾರೆಯೇ, ಅರ್ಧಕ್ಕೆ ಸೀಳಿದ್ದಾರೆಯೇ, ತಿರುಳಿನಿಂದ ತೊಗಟೆಯ ಕಡೆಗೆ ಸೀಳಿ ಹಲಗೆ ಎಬ್ಬಿಸಿದ್ದಾರೆಯೇ ಎಂಬುದು ಅಡ್ಡಕೊಯ್ತದ ಒಂದು ಸಣ್ಣ ಚಿತ್ರದಲ್ಲಿ ತಿಳಿಯುತ್ತದೆ. ಆ ಚಿತ್ರ ಪ್ರತಿ ದಾಖಲೆ ಹಾಳೆಯಲ್ಲಿಯೂ ಇರಬೇಕು.

ಮಾದರಿಗಳ ವಿಷಯದಲ್ಲಿ ಜಿಪುಣತನ ಬೇಡ. ಉಂಗುರ ಎಣಿಸಿ ಕಾಲ ನಿರ್ಣಯಿಸಲು ಗಂಟಿಲ್ಲದ ಜಾಗದಿಂದ ಐದರಿಂದ ಹತ್ತು ಸೆಂಟಿಮೀಟರ್ ದಪ್ಪದ ಅಡ್ಡಬಿಲ್ಲೆ ಬೇಕು, ಅದರಲ್ಲಿ ಕನಿಷ್ಠ ಐವತ್ತು ಉಂಗುರಗಳಾದರೂ ಇರಬೇಕು. ತೊಗಟೆಯ ಕೆಳಗಿನ ಕೊನೆಯ ಉಂಗುರ ಉಳಿದಿದ್ದರೆ ಮರ ಕಡಿದ ವರ್ಷ ಮಾತ್ರವಲ್ಲ, ಋತುವೂ ಸಿಗುತ್ತದೆ. ಸೀಹೆಂಜಿನ ಮರಗಳನ್ನು ಕ್ರಿ.ಪೂ. 2049ರ ವಸಂತದಲ್ಲೋ ಬೇಸಿಗೆಯ ಆರಂಭದಲ್ಲೋ ಕಡಿದರೆಂದು ಹೇಳಲಾದದ್ದು ಹಾಗೆ. ನೂರಾರು ವರ್ಷ ಬಾಳಿದ ಮರದ ಒಳತಿರುಳು ಕಡಿದ ಕಾಲಕ್ಕಿಂತ ಬಹಳ ಹಳೆಯ ಕಾಲವನ್ನು ತೋರಿಸುವುದರಿಂದ, ರೇಡಿಯೋಕಾರ್ಬನ್ನಿಗೆ ಹೊರಗಿನ ಉಂಗುರಗಳನ್ನೇ ಕೊಡಬೇಕು. ಆ ತುಣುಕಿಗೆ ಕಾಗದ, ಬಟ್ಟೆ, ರಾಸಾಯನಿಕ ಯಾವುದೂ ಸೋಕದಂತೆ ಶುದ್ಧ ಪಾಲಿಥೀನಿನಲ್ಲಿ ಬೇರೆಯಾಗಿ ಕಟ್ಟಬೇಕು. ಮರದ ಕೆಳಗಿನ ಮಣ್ಣನ್ನೂ ಹತ್ತಿಪ್ಪತ್ತು ಲೀಟರ್ ತುಂಬಿಕೊಳ್ಳಿ. ಬೀಜ, ಪರಾಗ, ಜೀರುಂಡೆಯ ರೆಕ್ಕೆ ಮತ್ತು ಡಯಾಟಮ್‌ ಎಂಬ ಬರಿಗಣ್ಣಿಗೆ ಕಾಣದ ಪಾಚಿಗಳು ಅಂದು ಅಲ್ಲಿ ಹರಿಯುತ್ತಿದ್ದುದು ಸಿಹಿನೀರೋ ಉಪ್ಪುನೀರೋ ಎಂದು ಹೇಳುತ್ತವೆ.

ಎತ್ತುವುದು, ಇಡುವುದು

ಸ್ಕಾಟ್ಲೆಂಡಿನ ಟೇ ನದಿಯ ಕಾರ್ಪೋ ದಡದಲ್ಲಿ 2001ರಲ್ಲಿ, ಸುಮಾರು ಮೂರು ಸಾವಿರ ವರ್ಷ ಹಳೆಯದಾದ, ಒಂದೇ ಓಕ್ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಯೊಂದು ಕಂಡಿತು. ಉದ್ದ ಒಂಬತ್ತು ಮೀಟರಿಗೂ ಹೆಚ್ಚು. ಅದನ್ನು ಎತ್ತಿದ್ದು 2006ರಲ್ಲಿ. ಕೆಸರಿನೊಳಕ್ಕೆ ಕ್ರೇನ್ ಇಳಿಸುವಂತಿರಲಿಲ್ಲ. ಇಳಿತದ ಹೊತ್ತಿನಲ್ಲಿ ಮಣ್ಣು ಬಿಡಿಸಿ, ಗಾಳಿ ತುಂಬಿದ ತೇಲುಚೀಲಗಳ ಆಸರೆ ಕೊಟ್ಟು, ಉಬ್ಬರವೇ ದೋಣಿಯನ್ನು ಮೇಲೆತ್ತುವಂತೆ ಮಾಡಿ ನೀರಿನ ಮೇಲೆಯೇ ಎಳೆದು ತಂದರು. ಅಷ್ಟು ಹೊತ್ತು ಅಗೆಯುವವರನ್ನು ಕಾಡಿದ ಉಬ್ಬರವನ್ನು ಕೂಲಿಯಾಳಾಗಿ ದುಡಿಸಿಕೊಂಡ ಆ ಜಾಣತನ ನನಗೆ ಇಂದಿಗೂ ಮೆಚ್ಚು.

ಚಿಕ್ಕ ಮರಗಳಿಗೆ ಇಷ್ಟೆಲ್ಲ ಬೇಡ, ಆದರೆ ನಿಯಮ ಅದೇ: ಮರ ತನ್ನ ಭಾರವನ್ನು ತಾನೇ ಹೊರುವ ಪ್ರಸಂಗ ಬರಬಾರದು. ಎರಡು ತುದಿ ಹಿಡಿದು ಎತ್ತಿದರೆ ನಡುವೆ ಮುರಿಯುತ್ತದೆ. ಕೆಳಗಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತ, ಬಿಡಿಸಿದಷ್ಟಕ್ಕೆ ಅಗಲವಾದ ಪಟ್ಟಿಗಳನ್ನು ತೂರಿಸುತ್ತ ಹೋಗಿ, ಕೊನೆಗೆ ಪಕ್ಕದಲ್ಲಿರಿಸಿದ ಹಲಗೆಯ ಮೇಲೆ ಜಾರಿಸಿಕೊಳ್ಳಬೇಕು. ತೀರಾ ಶಿಥಿಲವಾದುದನ್ನು ಕೆಳಗಿನ ಜೇಡಿಯ ಸಮೇತ ಹೆಂಟೆಯಾಗಿಯೇ ತರಬೇಕು. ಅಡುಗೆಮನೆಯಲ್ಲಿ ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ಇಲ್ಲಿ ಬಹಳ ಉಪಯುಕ್ತ: ಬಿರುಕು ಬಿಟ್ಟ ಹಲಗೆಗೆ ಅದನ್ನು ಸುತ್ತಿದರೆ ಚೂರುಗಳು ಜಾಗ ಬಿಡುವುದಿಲ್ಲ, ತೇವವೂ ಆರುವುದಿಲ್ಲ. ಮೇಲೆ ಒದ್ದೆ ಸ್ಪಂಜು, ಅದರ ಮೇಲೆ ಎರಡು ಪದರ ಪಾಲಿಥೀನ್, ಪದರಗಳ ನಡುವೆ ಒಂದು ಚೀಟಿ, ಹೊರಗೆ ಇನ್ನೊಂದು ಚೀಟಿ.

ಶೇಖರಣೆಗೆ ತಂಪಾದ, ಕತ್ತಲಿನ ಜಾಗ ಬೇಕು. ನಾಲ್ಕು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶುದ್ಧ ನೀರಿನ ತೊಟ್ಟಿ ಉತ್ತಮ. ಸಾಮಾನ್ಯ ಫ್ರೀಜರಿನಲ್ಲಿ ಇಡಬೇಡಿ, ನಿಧಾನವಾಗಿ ಹೆಪ್ಪುಗಟ್ಟುವ ನೀರು ಕೋಶಗಳನ್ನು ಸೀಳುತ್ತದೆ. ಪಾಚಿ ಕಟ್ಟಿದಾಗ ಕ್ರಿಮಿನಾಶಕ ಸುರಿಯುವ ಬದಲು ನೀರು ಬದಲಿಸುವುದು ಒಳ್ಳೆಯದು. ಮುಂದಿನ ಚಿಕಿತ್ಸೆ ಪಾಲಿಎಥಿಲೀನ್ ಗ್ಲೈಕಾಲ್ ಉಣಿಸಿ ನಿರ್ವಾತದಲ್ಲಿ ಹೆಪ್ಪುಗಟ್ಟಿಸಿ ಒಣಗಿಸುವುದೋ ಬೇರೆಯೋ ಎಂಬುದನ್ನು ಪ್ರಯೋಗಾಲಯ ನಿರ್ಧರಿಸಲಿ. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಸಿಕ್ಕ ಮರದ ವಸ್ತುಗಳಿಗೆ ಆಗಿನ ಉತ್ತಮ ವಿಧಾನವೆಂದು ಪಟಿಕದ ದ್ರಾವಣ ಉಣಿಸಲಾಗಿತ್ತು; ಅದರಿಂದ ಹುಟ್ಟಿದ ಆಮ್ಲ ಅವುಗಳನ್ನು ಇಂದು ಒಳಗಿನಿಂದ ಪುಡಿಮಾಡುತ್ತಿದೆ. ಹಾಗಾಗಿ ಚಿಕಿತ್ಸೆ ಮಾಡದ ಒಂದು ತುಣುಕನ್ನಾದರೂ ಹೋಲಿಕೆಗೆಂದು ಉಳಿಸಿಕೊಂಡಿರಿ.

ಎತ್ತದೆ ಬಿಟ್ಟ ಮರವನ್ನು ಬಯಲಾಗಿ ಬಿಡುವಂತಿಲ್ಲ. ನೀರು ಇಳಿಯಲು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿ, ಅಗೆದು ತೆಗೆದ ಅದೇ ಜೇಡಿಯನ್ನು ಒತ್ತಿ ತುಂಬಿ, ಮೇಲೆ ಮರಳುಚೀಲಗಳನ್ನು ಇಟ್ಟಿಗೆಯ ವರಸೆಯಲ್ಲಿ ಪೇರಿಸಬೇಕು. ಹೊಳೆಯ ಕಡೆಯ ಅಂಚು ಇಳಿಜಾರಾಗಿರಲಿ, ಕಡಿದಾಗಿದ್ದರೆ ಅಲೆ ಅದರ ಬುಡವನ್ನೇ ಮೊದಲು ಕೆರೆಯುತ್ತದೆ. ಪಕ್ಕದ ದಡದಲ್ಲಿ ಗುರುತು ಹಾಕಿದ ತುಕ್ಕುಹಿಡಿಯದ ಸರಳುಗಳನ್ನು ನೆಟ್ಟು, ಪ್ರತಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ದೊಡ್ಡ ಉಬ್ಬರದ ನಂತರ ಎಷ್ಟು ಸೆಂಟಿಮೀಟರ್ ಮಣ್ಣು ಕಳೆದಿದೆ ಎಂದು ಅಳೆದು, ಅದೇ ಜಾಗದಿಂದ ಅದೇ ಕೋನದಲ್ಲಿ ಒಂದು ಫೋಟೋ ತೆಗೆದು, ತಾರೀಖು ಹಾಕಿ ಕಡತಕ್ಕೆ ಸೇರಿಸಬೇಕು.